ಇದ್ದದ್ದು ಸಿಗದ ಹುಡುಕು ಪೆಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕನ್ನಡ ಜಾಲತಾಣಗಳ ಹುಡುಕಾಟದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳ ರಾಗ ಹೆಚ್ಚುಕಡಿಮೆ ಒಂದೇ: ಹಾಕಿದ್ದು ನಾವೇ, ಇರುವುದೂ ಗೊತ್ತು, ಹುಡುಕಿದರೆ ಮಾತ್ರ ಸಿಗುವುದಿಲ್ಲ. ‘ಸರಿಯಾದ ಕಾಗುಣಿತದಲ್ಲಿ ಹುಡುಕಿ’ ಎಂದು ಬೋರ್ಡು ಹಾಕಿ ಕೈತೊಳೆದುಕೊಂಡವರೂ ಇದ್ದಾರೆ. ಬರೆದವರನ್ನು ತಿದ್ದುವುದು ಹುಡುಕು ಪೆಟ್ಟಿಗೆಯ ಕೆಲಸವಲ್ಲ, ಬರೆದದ್ದನ್ನು ಅರ್ಥಮಾಡಿಕೊಳ್ಳುವುದು ಅದರ ಕೆಲಸ. ಕೆಳಗಿನ ಉತ್ತರಗಳೆಲ್ಲ ಆ ನಿಲುವಿನಿಂದಲೇ ಬಂದವು.

ಪ್ರಶ್ನೆ: ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುತ್ತೇವೆ. ‘ಸಾಫ್ಟ್‌ವೇರ್’ ಎಂದು ಹುಡುಕಿದರೆ ಮೂರು ಪುಸ್ತಕ ಬರುತ್ತವೆ, ಕಪಾಟಿನಲ್ಲಿ ಏಳಿವೆ. ಸಿಗದ ನಾಲ್ಕರಲ್ಲಿ ಒಂದರ ಶೀರ್ಷಿಕೆಯಲ್ಲಿ ‘ವ’ ಒತ್ತಾಗಿ ಕಾಣುತ್ತದೆ, ಅದು ಟೈಪಿಂಗ್ ತಪ್ಪು ಎನ್ನೋಣ. ಉಳಿದ ಮೂರು ತದ್ರೂಪ. ಏಕೆ ಹೀಗೆ?
– ಗ್ರಂಥಪಾಲಕಿ, ಧಾರವಾಡ

ಉತ್ತರ: ಕಣ್ಣಿಗೆ ತದ್ರೂಪ, ಯಂತ್ರಕ್ಕೆ ಬೇರೆ ಬೇರೆ. ಆ ಪದವನ್ನು ಬಿಡಿಸಿ ಎಣಿಸಿ ನೋಡಿ: ಸ, ಆಕಾರದ ಚಿಹ್ನೆ, ಫ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಟ, ವಿರಾಮ, ಕಾಣದ ಒಂದು ಅಕ್ಷರ, ವ, ಏಕಾರದ ಚಿಹ್ನೆ, ರ, ವಿರಾಮ. ಒಟ್ಟು 11 ಸಂಕೇತ. ನಡುವಿನ ಆ ಕಾಣದ ಅಕ್ಷರಕ್ಕೆ ಝೀರೋ ವಿಡ್ತ್ ನಾನ್-ಜಾಯ್ನರ್ ಎನ್ನುತ್ತಾರೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಟ್ ಆದಮೇಲೆ ವ ಒತ್ತಾಗದಂತೆ ತಡೆಯುವುದು ಅದೇ. ಟೈಪ್ ಮಾಡಿದವರು ಅದನ್ನು ಬಿಟ್ಟರೆ 10 ಸಂಕೇತದ ‘ಸಾಫ್ಟ್ವೇರ್’ ಆಗುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಅದು.

ತದ್ರೂಪ ಕಾಣುವ ಮೂರರಲ್ಲಿ ಎರಡು ಬಗೆಯ ದೋಷ ಇರಬಹುದು. ಕೆಲವು ಕೀಲಿಮಣೆ ತಂತ್ರಾಂಶಗಳು ಪದದ ಕೊನೆಯ ‘ರ್’ ಆದಮೇಲೂ ಒಂದು ನಾನ್-ಜಾಯ್ನರ್ ಅಂಟಿಸುತ್ತವೆ. ಮುಂದೆ ಅಕ್ಷರವೇ ಇಲ್ಲವಾದ್ದರಿಂದ ಅದು ಕಾಣುವುದೇ ಇಲ್ಲ, ಆದರೆ ಪದ 12 ಸಂಕೇತದ್ದಾಗಿರುತ್ತದೆ. ಇನ್ನೊಂದು, ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯದೆ ಎಕಾರ ಮತ್ತು ದೀರ್ಘ ಎಂದು ಎರಡಾಗಿ ಬರೆದಿರುವುದು. ಈ, ಏ, ಐ, ಒ, ಓ ಚಿಹ್ನೆಗಳಿಗೆಲ್ಲ ಈ ಎರಡು ರೂಪಗಳುಂಟು.

ಮೂರನೆಯದೊಂದು ನಿಮ್ಮ ಸೂಚಿಯಲ್ಲಿ (ಹುಡುಕಾಟಕ್ಕೆಂದು ಯಂತ್ರ ಕಟ್ಟಿಟ್ಟುಕೊಂಡ ಪದಪಟ್ಟಿಯಲ್ಲಿ) ಬೇರೆ ಕಡೆ ಖಂಡಿತ ಸಿಕ್ಕೀತು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಬೆಂಗಳೂರು’ ಬದಲು ‘ಬೆ೦ಗಳೂರು’. ಬಹುಪಾಲು ಫಾಂಟುಗಳಲ್ಲಿ ಇವೆರಡನ್ನು ಬೇರೆ ಎಂದು ಹೇಳಲು ಭೂತಕನ್ನಡಿ ಬೇಕು.

ಪರಿಹಾರ ಒಂದೇ. ಪದವನ್ನು ಹದಗೊಳಿಸುವ ಒಂದು ಸಣ್ಣ ವಿಧಿ ಬರೆದು, ಸೂಚಿ ಕಟ್ಟುವಾಗಲೂ ಓದುಗ ಹುಡುಕಿದಾಗಲೂ ಅದೇ ವಿಧಿಯನ್ನು ಓಡಿಸಬೇಕು. ಒಂದು ಕಡೆ ಮಾತ್ರ ಓಡಿಸಿದರೆ ಮೊದಲಿಗಿಂತ ಕೆಟ್ಟದಾಗುತ್ತದೆ, ಮೊದಲು ಸಿಗುತ್ತಿದ್ದ ಮೂರೂ ಮಾಯವಾಗಬಹುದು. ಕ್ರಮ ಹೀಗಿರಲಿ. ಮೊದಲು ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ, ಇದರಿಂದ ಎರಡಾಗಿ ಬರೆದ ಸ್ವರಚಿಹ್ನೆಗಳು ಒಂದಾಗುತ್ತವೆ. ಆಮೇಲೆ 200ಸಿ ಮತ್ತು ಅದರ ಜೋಡಿ 200ಡಿ ಎರಡನ್ನೂ ತೆಗೆದುಹಾಕಿ. 200ಡಿ ಸಿಗುವುದು ‘ರ‍್ಯಾಂಕ್’ನಂಥ ಪದಗಳಲ್ಲಿ. ಅದನ್ನು ಕೆಲವರು ವಿರಾಮದ ಹಿಂದೆ, ಕೆಲವರು ಮುಂದೆ ಹಾಕಿರುತ್ತಾರೆ, ತೆಗೆದರೆ ಎಲ್ಲವೂ ‘ರ್ಯಾಂಕ್’ ಎಂದು ಒಂದಾಗುತ್ತವೆ. ನಂತರ ಸೊನ್ನೆಯ ಕೆಲಸ: ಕನ್ನಡ ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದನ್ನು ಅನುಸ್ವಾರ ಮಾಡಿ, ಅಂಕಿ ಇದ್ದರೆ ಮುಟ್ಟಬೇಡಿ. ಹಿಂದಿನದನ್ನು ನೋಡದೆ ಮುಂದಿನದನ್ನಷ್ಟೇ ನೋಡಿದರೆ ‘೧೦ನೇ ತರಗತಿ’ ಹಾಳಾಗುತ್ತದೆ. ಕೊನೆಗೆ ಕನ್ನಡ ಅಂಕಿಗಳನ್ನೆಲ್ಲ 0ರಿಂದ 9ಕ್ಕೆ ಬದಲಿಸಿ.

ವಿಸರ್ಗದ ಬದಲು ಕೋಲನ್ ಹಾಕಿದ ‘ದು:ಖ’ದಂಥವುಗಳಿಗೆ ಸಾರಾಸಗಟು ನಿಯಮ ಮಾಡಬೇಡಿ. ‘ಸಮಯ:ಸಂಜೆ’ ಎಂದು ಜಾಗ ಬಿಡದೆ ಬರೆದದ್ದೂ ಅಂಟಿಕೊಂಡುಬಿಡುತ್ತದೆ. ದುಃಖ, ಪುನಃ, ಅಂತಃಕರಣ, ಪ್ರಾತಃಕಾಲ ಹೀಗೆ ಇಪ್ಪತ್ತು ಮೂವತ್ತು ಪದಗಳ ಪಟ್ಟಿ ಸಾಕು.

ಇದೆಲ್ಲ ಸೂಚಿಯ ಒಳಗೆ ಮಾತ್ರ. ಪರದೆಯ ಮೇಲೆ ತೋರಿಸುವ ಶೀರ್ಷಿಕೆಯನ್ನು ಮುಟ್ಟಬೇಡಿ, ಅಲ್ಲಿ ನಾನ್-ಜಾಯ್ನರ್ ಬೇಕೇ ಬೇಕು. ಕೋಹಾದಲ್ಲಿ ಜೀಬ್ರಾ ಎಂಬ ಹುಡುಕು ಎಂಜಿನ್ ಬಳಸುತ್ತಿದ್ದರೆ ಮೊದಲು ನೋಡಬೇಕಾದದ್ದು ಅದು ಯೂನಿಕೋಡ್ ಆಧಾರಿತ ಐಸಿಯು ವಿಧಾನದಲ್ಲಿ ಸೂಚಿ ಕಟ್ಟುತ್ತಿದೆಯೋ ಹಳೆಯ ಸಿಎಚ್‌ಆರ್ ವಿಧಾನದಲ್ಲೋ ಎಂಬುದು. ಭಾರತೀಯ ಲಿಪಿಗಳಿಗೆ ಐಸಿಯು ಬೇಕು. ಪದಗಳ ಐಸಿಯು ಕಡತದಲ್ಲಿ ಆ ಎರಡು ಅದೃಶ್ಯ ಅಕ್ಷರಗಳನ್ನು ತೆಗೆಯುವ ನಿಯಮವನ್ನು, ಪದ ಒಡೆಯುವ ಸಾಲಿಗಿಂತ ಮೇಲೆ ಸೇರಿಸಿ. ಬಳಿಕ ಇಡೀ ಸೂಚಿಯನ್ನು ಹೊಸದಾಗಿ ಕಟ್ಟಿಸಿ. ಹೊಸ ದಾಖಲೆಗಳಿಗೆ ಮಾತ್ರ ನಿಯಮ ಅನ್ವಯವಾಗಿ, ಹಳೆಯವು ಹಾಗೇ ಉಳಿದು ‘ಏನೂ ಸರಿಹೋಗಲಿಲ್ಲ’ ಅನ್ನಿಸುವುದು ಇಲ್ಲೇ.

ಪ್ರಶ್ನೆ: ನಮ್ಮ ಕೃಷಿ ಮಾಹಿತಿ ತಾಣದಲ್ಲಿ ‘ಅಡಿಕೆ’ ಎಂದರೆ ಬರುವ ಲೇಖನ ‘ಅಡಕೆ’ ಎಂದರೆ ಬರುವುದಿಲ್ಲ. ‘ಮೈಸೂರು’ ಎಂದರೆ ‘ಮೈಸೂರಿನಲ್ಲಿ’ ಇರುವ ಲೇಖನ ಸಿಗುವುದಿಲ್ಲ. ಇಂಗ್ಲಿಷಿನ ಹಾಗೆ ಬೇರುಪದ ಹಿಡಿಯುವ ವ್ಯವಸ್ಥೆ ಕನ್ನಡಕ್ಕೆ ಇಲ್ಲವೇ?
– ಶಿರಸಿಯಿಂದ ಒಬ್ಬ ಓದುಗರು

ಉತ್ತರ: ಎಲಾಸ್ಟಿಕ್‌ಸರ್ಚ್ ಎಂಬ ಹುಡುಕು ತಂತ್ರಾಂಶದ ಜೊತೆಗೇ ಬರುವ ಭಾಷಾ ವಿಶ್ಲೇಷಕಗಳಲ್ಲಿ ಹಿಂದಿ, ಬಂಗಾಳಿ ಇವೆ, ಕನ್ನಡ ಇಲ್ಲ. ಕೈಯಾರೆ ಕಟ್ಟಿಕೊಳ್ಳಬೇಕು. ಪೂರ್ತಿ ವ್ಯಾಕರಣ ಬೇಡ, ನಾಲ್ಕು ಉಪಾಯಗಳಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ.

ಮೊದಲನೆಯದು ಕೊನೆಯ ಉಕಾರ ತೆಗೆಯುವುದು. ‘ಮೈಸೂರು’ ಪದದ ಕೊನೆಯ ಸ್ವರಚಿಹ್ನೆ ತೆಗೆದರೆ ‘ಮೈಸೂರ’ ಉಳಿಯುತ್ತದೆ. ಯಂತ್ರದ ಲೆಕ್ಕದಲ್ಲಿ ಮೈಸೂರಿನ, ಮೈಸೂರಿಗೆ, ಮೈಸೂರಿನಿಂದ ಎಲ್ಲವೂ ಈ ಸಂಕೇತಗಳಿಂದಲೇ ಆರಂಭವಾಗುತ್ತವೆ. ಅಂದರೆ ಆರಂಭ ಹೊಂದಿಸುವ ಹುಡುಕಾಟ ಸಾಕು. ‘ಅಡಿಕೆ’, ‘ಅಡಿಕೆಗೆ’, ‘ಅಡಿಕೆಯ’ಗೆ ಏನನ್ನೂ ತೆಗೆಯುವುದೂ ಬೇಡ.

ಆದರೆ ಗಿಡ್ಡ ಪದಗಳಿಗೆ ಇದನ್ನು ಓಡಿಸಿದರೆ ಫಜೀತಿ. ‘ಮರ’ ಎಂದು ಹುಡುಕಿದವರಿಗೆ ಮರಣ, ಮರಳು, ಮರಾಠಿ ಎಲ್ಲ ಬಂದು ಬೀಳುತ್ತವೆ. ಎರಡು ಅಕ್ಷರದ ಪದಗಳಿಗೆ ಆರಂಭ ಹೊಂದಿಸುವುದನ್ನು ಬಿಟ್ಟು, ಪ್ರತ್ಯಯ ಸೇರಿದ ರೂಪಗಳನ್ನೇ ಹುಟ್ಟಿಸಿ ಹುಡುಕಿ: ಮರದ, ಮರಕ್ಕೆ, ಮರದಲ್ಲಿ, ಮರದಿಂದ, ಮರಗಳು.

ಎರಡನೆಯದು ಓದುಗರೇ ಪ್ರತ್ಯಯ ಸೇರಿಸಿ ಹುಡುಕಿದಾಗ ಅದನ್ನು ಕಳಚುವುದು. ಉದ್ದನೆಯವನ್ನು ಮೊದಲು ನೋಡಿ: ಗಳಲ್ಲಿ, ಗಳಿಂದ, ಗಳಿಗೆ, ಗಳನ್ನು. ಆಮೇಲೆ ದಲ್ಲಿ, ಯಲ್ಲಿ, ದಿಂದ, ಯಿಂದ, ಕ್ಕೆ, ಗಳು, ಗಳ. ಒಂದು ಪದದಿಂದ ಒಂದನ್ನೇ ಕಳಚಿ. ‘ಮಂಗಳಕ್ಕೆ ನೌಕೆ’ ಎಂಬಲ್ಲಿ ‘ಕ್ಕೆ’ ಕಳಚಿ, ಮತ್ತೆ ‘ಗಳ’ವನ್ನೂ ಕಳಚಿದರೆ ‘ಮಂ’ ಉಳಿಯುತ್ತದೆ. ಕಳಚಿದ ಮೇಲೆ ಕನಿಷ್ಠ ಎರಡು ಅಕ್ಷರ ಉಳಿಯಲೇಬೇಕೆಂದು ನಿಯಮವಿಡಿ. ಅಕ್ಷರ ಎಂದರೆ ನಾವು ಬಾಯಲ್ಲಿ ಎಣಿಸುವ ಅಕ್ಷರ, ಸಂಕೇತವಲ್ಲ. ‘ತಿಂಗಳು’ ಪದದಿಂದ ‘ಗಳು’ ಕಳಚಿದರೆ ಉಳಿಯುವ ‘ತಿಂ’ ಯಂತ್ರಕ್ಕೆ ಮೂರು ಸಂಕೇತ, ನಮಗೆ ಒಂದೇ ಅಕ್ಷರ. ಜಗಳ, ತಿಂಗಳು ಈ ನಿಯಮದಿಂದ ಬಚಾವಾಗುತ್ತವೆ. ‘ಹೂಗಳು’ ಸಿಕ್ಕಿಬೀಳುತ್ತದೆ, ಅಂಥವಕ್ಕೆ ಪ್ರತ್ಯೇಕ ಪಟ್ಟಿ. ಒಂಟಿ ‘ಯ’, ‘ನ’, ‘ದ’ಗಳನ್ನು ಕಳಚಲು ಹೋಗಲೇಬೇಡಿ. ವಿಷಯ, ಮೈದಾನ ಎರಡೂ ಮುರಿಯುತ್ತವೆ. ‘ಕಾಡಿಗೆ’ ಎಂದು ಹುಡುಕಿದವರು ಕಾಡಿಗೆ ಹೊರಟವರೋ ಕಣ್ಣಿಗೆ ಹಚ್ಚುವವರೋ ಎಂಬುದನ್ನು ಯಾವ ನಿಯಮವೂ ಹೇಳಲಾರದು. ಎರಡನ್ನೂ ತೋರಿಸಿ.

ಮೂರನೆಯದು ಉಚ್ಚಾರ ಹತ್ತಿರವಿರುವ ಅಕ್ಷರಗಳನ್ನು ಒಂದು ಮಾಡಿದ ಇನ್ನೊಂದು ಸೂಚಿ: ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ, ಶ ಷ ಎರಡನ್ನೂ ಸಕ್ಕೆ, ಳ ಅನ್ನು ಲಕ್ಕೆ. ತಪ್ಪು ಬರೆದವರ ಕೈಹಿಡಿಯುವುದು ಇದೇ. ಆದರೆ ಇದರಲ್ಲಿ ‘ಧನ’ ಮತ್ತು ‘ದನ’ ಒಂದೇ ಆಗುತ್ತವೆ. ಕೃಷಿ ತಾಣದಲ್ಲಿ ‘ಧನಸಹಾಯ’ ಕೇಳಿದ ರೈತನಿಗೆ ದನದ ಜ್ವರದ ಲೇಖನ ಮೇಲೆ ಬಂದರೆ ಅವನು ಇನ್ನೊಮ್ಮೆ ಬರುವುದಿಲ್ಲ. ಆದ್ದರಿಂದ ಇದನ್ನು ಮುಖ್ಯ ಸೂಚಿಯ ಜೊತೆ ಬೆರೆಸದೆ, ತೂಕ ಕಡಿಮೆ ಮಾಡಿ ಕೊನೆಯಲ್ಲಿಡಿ. ಹದಗೊಳಿಸಿದ ಪದ ಪೂರ್ತಿ ಹೊಂದಿದರೆ 10, ಪ್ರತ್ಯಯ ಕಳಚಿ ಹೊಂದಿದರೆ 4, ಅಕ್ಷರ ಒಂದಾಗಿಸಿ ಹೊಂದಿದರೆ 1. ಇದು ಆರಂಭಕ್ಕೆ, ಬಳಕೆ ನೋಡಿ ತಿದ್ದಿಕೊಳ್ಳಿ.

ನಾಲ್ಕನೆಯದು ಸಮಾನಪದ ಪಟ್ಟಿ. ಅಡಿಕೆ–ಅಡಕೆ ಇಲ್ಲಿಗೆ ಸೇರಿದ್ದು. ನಿಯಮದಿಂದ ಹಿಡಿಯಲು ಹೋದರೆ ನೂರು ಅಪವಾದ ಹುಟ್ಟುತ್ತವೆ. ಕಂಪ್ಯೂಟರ್–ಕಂಪ್ಯೂಟರು–ಗಣಕ, ಟೊಮೆಟೊ–ಟೊಮ್ಯಾಟೊ, ಮೆಣಸು–ಕಾಳುಮೆಣಸು. ಒಬ್ಬರು ಒಂದು ಮಧ್ಯಾಹ್ನ ಕೂತು ಬರೆದರೆ ಮುಗಿಯುವ ಕೆಲಸ. ತಂತ್ರಜ್ಞರಿಗೆ ಬಿಡಬೇಡಿ, ಊರಿನ ಮಾತು ಬಲ್ಲವರಿಂದ ಬರೆಸಿ.

ಪ್ರಶ್ನೆ: ನಮ್ಮ ಸುದ್ದಿತಾಣದ ದತ್ತಾಂಶ ಮೈಎಸ್‌ಕ್ಯೂಎಲ್‌ನಲ್ಲಿದೆ. ‘ಚುನಾವಣೆ’ ಸಿಗುತ್ತದೆ, ‘ಮತ’ ಸಿಗುವುದಿಲ್ಲ. ‘ಮಳೆ’ ಸಿಗುತ್ತದೆ, ‘ಜನ’ ಸಿಗುವುದಿಲ್ಲ.
– ಬೆಂಗಳೂರು

ಉತ್ತರ: ಅದರಲ್ಲಿ ದತ್ತಾಂಶ ಕೂಡಿಡುವ ಭಾಗವಾದ ಇನ್ನೋಡಿಬಿಯ ಪೂರ್ಣಪಠ್ಯ ಸೂಚಿಯಲ್ಲಿ ಪದದ ಕನಿಷ್ಠ ಉದ್ದ 3 ಎಂದು ಮೊದಲೇ ಇಟ್ಟಿರುತ್ತಾರೆ. ‘ಮಳೆ’ ಎಂದರೆ ಮ, ಳ, ಎಕಾರ ಸೇರಿ ಮೂರು ಸಂಕೇತ, ಹಾಗಾಗಿ ದಾಟಿತು. ಮತ, ಜನ, ಹಣ, ಜಲ ಎರಡೇ ಸಂಕೇತದವು, ಸೂಚಿಗೇ ಹೋಗಿಲ್ಲ. ಸುದ್ದಿತಾಣದಲ್ಲಿ ಮತ, ಹಣ, ಜನ ಇಲ್ಲದೆ ಉಳಿಯುವುದೇನು! ಕನಿಷ್ಠ ಟೋಕನ್ ಅಳತೆಯ ಆ ಸಂಖ್ಯೆಯನ್ನು 2 ಮಾಡಿ, ಸರ್ವರ್ ಮರುಚಾಲನೆ ಮಾಡಿ, ಸೂಚಿಯನ್ನು ಅಳಿಸಿ ಮತ್ತೆ ಕಟ್ಟಿ. ಮೂರನೆಯದನ್ನು ಮರೆತರೆ ಮೊದಲೆರಡೂ ವ್ಯರ್ಥ.

ಅಂದಹಾಗೆ ಪದ ಒಡೆಯುವ ಕೆಲಸವನ್ನು ನಿಮ್ಮದೇ ಪೈಥಾನ್ ಸ್ಕ್ರಿಪ್ಟ್ ಮಾಡುತ್ತಿದ್ದರೆ ಅದನ್ನೂ ನೋಡಿ. ಪಠ್ಯದಲ್ಲಿ ಮಾದರಿ ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಅಕ್ಷರಗಳನ್ನು ಹಿಡಿಯುತ್ತದೆ, ಸ್ವರಚಿಹ್ನೆಗಳನ್ನು ಹಿಡಿಯುವುದಿಲ್ಲ. ‘ಮೈಸೂರು’ ಕೊಟ್ಟರೆ ಮ, ಸ, ರ ಎಂದು ಮೂರು ಚೂರು ವಾಪಸ್ ಕೊಡುತ್ತದೆ. ಅಕ್ಷರ, ಚಿಹ್ನೆ, ಅಂಕಿ ಮೂರೂ ವರ್ಗಗಳನ್ನು ಹೆಸರಿಸಿ ಹಿಡಿಯಬೇಕು.

ಪ್ರಶ್ನೆ: ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಂತೆ ಸಲಹೆಗಳು ಮಿಣುಕುತ್ತವೆ, ಹಳೆಯ ಸಲಹೆ ಮತ್ತೆ ಬರುತ್ತದೆ. ಕಂಪ್ಯೂಟರಿನಲ್ಲಿ ಲಿಪ್ಯಂತರ ಕೀಲಿಮಣೆ (ರೋಮನ್‌ನಲ್ಲಿ ಒತ್ತಿದ್ದನ್ನು ಕನ್ನಡ ಮಾಡುವುದು) ಬಳಸುವವರು ಪದ ಆರಿಸಲು ಎಂಟರ್ ಒತ್ತಿದರೆ ಅರ್ಧ ಪದವೇ ಹುಡುಕಾಟಕ್ಕೆ ಹೋಗಿಬಿಡುತ್ತದೆ.
– ತಂತ್ರಾಂಶ ಅಭಿವೃದ್ಧಿಗಾರ್ತಿ, ಮಂಗಳೂರು

ಉತ್ತರ: ಎರಡು ಬೇರೆ ಕಾಯಿಲೆ. ಎಂಟರ್‌ನದ್ದು ಮೊದಲು. ಲಿಪ್ಯಂತರ ಕೀಲಿಮಣೆಯಲ್ಲಿ ಪದ ಇನ್ನೂ ಕೂಡಿಕೊಳ್ಳುತ್ತಿರುವಾಗ ಒತ್ತುವ ಎಂಟರ್ ‘ಈ ಪದ ಸರಿ’ ಎನ್ನುವುದಕ್ಕೆ, ‘ಹುಡುಕು’ ಎನ್ನುವುದಕ್ಕಲ್ಲ. ಕೀ ಒತ್ತಿದ ಘಟನೆಯಲ್ಲಿ ‘ಈಸ್ ಕಂಪೋಸಿಂಗ್’ ಎಂಬ ಗುಣ ನಿಜವಾಗಿದ್ದರೆ ಆ ಎಂಟರ್ ಅನ್ನು ಬಿಟ್ಟುಬಿಡಿ. ಸಫಾರಿಯಲ್ಲಿ ಪದ ಕೂಡಿಕೆ ಮುಗಿದ ಸುದ್ದಿ ಮೊದಲು, ಕೀ ಒತ್ತಿದ ಸುದ್ದಿ ಆಮೇಲೆ ಬರುವುದರಿಂದ ಅದೊಂದೇ ಸಾಲದು. ಕೀಕೋಡ್ 229 ಆಗಿದ್ದರೂ ಬಿಡಬೇಕು.

ಸಲಹೆ ಮಿಣುಕುವುದಕ್ಕೆ ಕಾರಣ ಪ್ರತಿ ಕೀಗೂ ಸರ್ವರ್‌ಗೆ ಓಡುವುದು. ಕೊನೆಯ ಕೀ ಒತ್ತಿ 250 ಮಿಲಿಸೆಕೆಂಡ್ ಸುಮ್ಮನಿದ್ದರೆ ಮಾತ್ರ ಕೇಳಿ. ಹೊಸದನ್ನು ಕೇಳುವ ಮುನ್ನ ಹಳೆಯ ಕೋರಿಕೆಯನ್ನು ಅಬಾರ್ಟ್ ಕಂಟ್ರೋಲರ್‌ನಿಂದ ರದ್ದು ಮಾಡಿ. ಇಲ್ಲವಾದರೆ ‘ಕನ’ಕ್ಕೆ ಕೇಳಿದ ಉತ್ತರ ‘ಕನಕದಾಸ’ರ ಉತ್ತರಕ್ಕಿಂತ ತಡವಾಗಿ ಬಂದು ಅದರ ಮೇಲೆ ಕೂರುತ್ತದೆ. ನಿಮ್ಮ ‘ಹಳೆಯ ಸಲಹೆ’ ಇದೇ. ಪದ ಕೂಡಿಕೆ ಮುಗಿಯುವ ತನಕ ಕಾಯುವುದು ಸರಿಯಾದ ಮದ್ದಲ್ಲ. ಕೆಲವು ಮೊಬೈಲ್ ಕೀಲಿಮಣೆಗಳು ಜಾಗ ಒತ್ತುವವರೆಗೂ ಕೂಡಿಕೆಯಲ್ಲೇ ಇರುತ್ತವೆ, ಸಲಹೆ ಬರುವುದೇ ಇಲ್ಲ. ಪೆಟ್ಟಿಗೆಯಲ್ಲಿರುವುದು ಕನ್ನಡವಾದರೆ ಸಲಹೆ ಕೇಳಿ, ಇನ್ನೂ ರೋಮನ್ ಅಕ್ಷರವಿದ್ದು ಕೂಡಿಕೆ ನಡೆಯುತ್ತಿದ್ದರೆ ಕಾಯಿರಿ.

‘ಕನಿಷ್ಠ 3 ಅಕ್ಷರ ಬರೆಯಿರಿ’ ಎಂಬ ಷರತ್ತನ್ನು ಉದ್ದದ ಲೆಕ್ಕದಿಂದ ಇಟ್ಟಿದ್ದೀರಿ ಎಂದು ಊಹೆ. ‘ಸ್ತ್ರೀ’ ಒಂದೇ ಅಕ್ಷರ, ಉದ್ದ ಕೇಳಿದರೆ 6 ಎನ್ನುತ್ತದೆ. ‘ಹಣ’ ಎರಡಕ್ಷರ, ಉದ್ದ 2. ಷರತ್ತನ್ನೇ ಕಿತ್ತುಹಾಕಿ.

ಪ್ರಶ್ನೆ: ಫಲಿತಾಂಶದಲ್ಲಿ ಹುಡುಕಿದ ಭಾಗಕ್ಕೆ ಹಳದಿ ಬಣ್ಣ ಕೊಡುತ್ತೇವೆ. ಕೆಲವು ಪದಗಳ ನಡುವೆ ಚುಕ್ಕಿಚುಕ್ಕಿಯ ವೃತ್ತ ಮೂಡುತ್ತದೆ.

ಉತ್ತರ: ‘ಕನ’ ಎಂದು ಹುಡುಕಿದಾಗ ‘ಕನ್ನಡ’ ಪದದಲ್ಲಿ ಮೊದಲ ಎರಡು ಸಂಕೇತಕ್ಕೆ ಬಣ್ಣದ ಟ್ಯಾಗ್ ಸುತ್ತಿ, ಉಳಿದದ್ದನ್ನು ಹೊರಗಿಟ್ಟಿದ್ದೀರಿ. ಹೊರಗುಳಿದದ್ದು ವಿರಾಮದಿಂದ ಶುರುವಾಗುತ್ತದೆ. ಆತುಕೊಳ್ಳಲು ವ್ಯಂಜನ ಸಿಗದ ವಿರಾಮಕ್ಕೆ ಫಾಂಟು ಆ ವೃತ್ತವನ್ನು ತೋರಿಸುತ್ತದೆ. ಕತ್ತರಿಸುವ ಜಾಗವನ್ನು ಮುಂದೆ ತಳ್ಳಿ: ಮುಂದಿನ ಸಂಕೇತ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮ ಅಥವಾ ಆ ಎರಡು ಅದೃಶ್ಯ ಅಕ್ಷರಗಳಲ್ಲಿ ಒಂದಾಗಿದ್ದರೆ ಮುಂದಕ್ಕೆ, ಹಿಂದಿನದು ವಿರಾಮವಾಗಿದ್ದು ಮುಂದೆ ವ್ಯಂಜನವಿದ್ದರೂ ಮುಂದಕ್ಕೆ. ಬ್ರೌಸರಿನ ಗ್ರಾಫೀಮ್ (ಒಂದಾಗಿ ಕಾಣುವ ಅಕ್ಷರ) ಎಣಿಕೆಯನ್ನು ಪೂರ್ತಿ ನಂಬಬೇಡಿ, ಅದು ಒತ್ತಕ್ಷರವನ್ನು ವಿರಾಮದ ಬಳಿ ತುಂಡರಿಸಬಹುದು. ಇಷ್ಟೆಲ್ಲ ಬೇಡವೆನಿಸಿದರೆ ಇಡೀ ಪದಕ್ಕೇ ಬಣ್ಣ ಕೊಡಿ. ಓದುವವರಿಗೂ ಅದೇ ಹಿತ. ಸಾರಾಂಶವನ್ನು 150 ಸಂಕೇತಕ್ಕೆ ಕತ್ತರಿಸುವಲ್ಲೂ ಇದೇ ತೊಂದರೆ ಇದೆ. ಅಲ್ಲಿ ಹಿಂದಿನ ಖಾಲಿ ಜಾಗದ ತನಕ ಹಿಂದೆ ಬನ್ನಿ.

ಪ್ರಶ್ನೆ: ಹುಡುಕು ಪೆಟ್ಟಿಗೆಯಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಐಫೋನ್‌ನಲ್ಲಿ ಪೆಟ್ಟಿಗೆ ಮುಟ್ಟಿದರೆ ಪುಟವೇ ಹಿಗ್ಗುತ್ತದೆ. ಗುಂಡಿಯ ಮೇಲೆ ‘ಶೋಧಿಸು’ ಎಂದಿರಬೇಕೋ ಭೂತಕನ್ನಡಿ ಚಿತ್ರ ಸಾಕೋ?
– ವಿನ್ಯಾಸಕ, ಶಿವಮೊಗ್ಗ

ಉತ್ತರ: ಐಫೋನ್ ಸಫಾರಿ ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆಯಿರುವ ಪೆಟ್ಟಿಗೆಯನ್ನು ಮುಟ್ಟಿದಾಗ ತಾನೇ ಹಿಗ್ಗಿಸುತ್ತದೆ. 16 ಅಥವಾ ಮೇಲೆ ಇಡಿ, ಕನ್ನಡಕ್ಕೆ 18 ಚೆನ್ನ. ಹಿಗ್ಗಿಸುವುದನ್ನೇ ನಿಷೇಧಿಸುವ ಅಡ್ಡದಾರಿ ಹಿಡಿಯಬೇಡಿ, ಕಣ್ಣು ಮಂಜಾದವರಿಗೆ ಅದರ ಅಗತ್ಯವಿದೆ.

ಒತ್ತಕ್ಷರ ಕತ್ತರಿಸುವುದು ಇಂಗ್ಲಿಷಿಗೆ ಅಳತೆ ಮಾಡಿದ ಎತ್ತರದಿಂದ. ಪೆಟ್ಟಿಗೆಯ ಎತ್ತರವನ್ನು ಬಿಗಿಯಾಗಿ ಕಟ್ಟದೆ ಕನಿಷ್ಠ ಎತ್ತರ 48 ಪಿಕ್ಸೆಲ್, ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇಡಿ. ಪರೀಕ್ಷೆಗೆ ‘ರಾಷ್ಟ್ರ’, ‘ಸ್ತ್ರೀ’, ‘ವಸ್ತ್ರ’ ಬರೆದು ನೋಡಿ. ಒತ್ತಿನ ಮೇಲೆ ಒತ್ತು ಬರುವ ಈ ಪದಗಳು ಕತ್ತರಿಸದಿದ್ದರೆ ಬೇರೆ ಯಾವುದೂ ಕತ್ತರಿಸದು. ಅಗಲದ ವಿಷಯದಲ್ಲಿ ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಇಂಗ್ಲಿಷ್ ತಾಣಗಳಿಗೆ ಹೇಳಿದ 27 ಅಕ್ಷರದ ಲೆಕ್ಕವಿದೆ, ಕನ್ನಡದ ಅಕ್ಷರಗಳು ಅಗಲ ಜಾಸ್ತಿ. ಮೊಬೈಲಿನಲ್ಲಿ ಪೂರ್ತಿ ಅಗಲವನ್ನೇ ಕೊಟ್ಟುಬಿಡಿ.

ಗುಂಡಿಯ ಮೇಲೆ ‘ಹುಡುಕಿ’. ‘ಶೋಧಿಸು’ ಕೇಳಿದರೆ ಪೊಲೀಸರು ಮನೆ ಹೊಕ್ಕಂತೆ, ‘ಅನ್ವೇಷಿಸಿ’ ಎಂದರೆ ಖಂಡ ಕಂಡುಹಿಡಿಯಲು ಹೊರಟಂತೆ. ಚಿತ್ರ ಇರಲಿ, ಪಕ್ಕದಲ್ಲಿ ಪದವೂ ಇರಲಿ. ಇನ್‌ಪುಟ್ ಟ್ಯಾಗಿನ ಬಗೆಯನ್ನು ‘ಸರ್ಚ್’ ಮಾಡಿ, ಎಂಟರ್‌ಕೀ ಸುಳಿವನ್ನೂ ‘ಸರ್ಚ್’ ಮಾಡಿದರೆ ಮೊಬೈಲ್ ಕೀಲಿಮಣೆಯಲ್ಲೇ ಹುಡುಕುವ ಗುಂಡಿ ಬರುತ್ತದೆ. ಪೆಟ್ಟಿಗೆಯೊಳಗಿನ ಮಸುಕು ಬರಹವನ್ನು ಹೆಸರಿನಂತೆ ಬಳಸಬೇಡಿ. ಒಂದಕ್ಷರ ಬರೆದೊಡನೆ ಅದು ಹೋಗುತ್ತದೆ. ಅಲ್ಲಿ ಉದಾಹರಣೆ ಕೊಡಿ: ‘ರಾಗಿ ಬಿತ್ತನೆ, ಹಾಸನ’. ಹುಡುಕಿದ ಮೇಲೆ ಬರೆದದ್ದನ್ನು ಪೆಟ್ಟಿಗೆಯಲ್ಲೇ ಉಳಿಸಿ. ಖಾಲಿ ಮಾಡಿದರೆ ಒಂದಕ್ಷರದ ತಪ್ಪಿಗೆ ಇಡೀ ಸಾಲು ಮತ್ತೆ ಟೈಪ್ ಮಾಡಿಸಿದಂತೆ, ಅದೂ ಕನ್ನಡವನ್ನು ಮೊಬೈಲಿನಲ್ಲಿ.

ಪ್ರಶ್ನೆ: ನಮ್ಮ ಪ್ರವಾಸಿ ತಾಣದಲ್ಲಿ ಈಗಲೂ ‘ಬಿಜಾಪುರ’, ‘ಗುಲ್ಬರ್ಗಾ’ ಎಂದು ಹುಡುಕುವವರಿಗೆ ‘ಯಾವುದೇ ಫಲಿತಾಂಶ ಕಂಡುಬಂದಿಲ್ಲ’ ಬರುತ್ತದೆ.
– ವಿಜಯಪುರ

ಉತ್ತರ: 2014ರ ನವೆಂಬರ್ 1ರಂದು 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಕನ್ನಡದಲ್ಲಿ ಬರೆಯುವವರಿಗೆ ಅವುಗಳಲ್ಲಿ ಹಲವು ಹೊಸತೇ ಅಲ್ಲ, ರೋಮನ್ ಕಾಗುಣಿತವಷ್ಟೇ ಬದಲಾದದ್ದು. ಕನ್ನಡದಲ್ಲೂ ಬದಲಾವಣೆ ದೊಡ್ಡದಾಗಿ ಕಾಣುವುದು ಬಿಜಾಪುರ–ವಿಜಯಪುರ, ಗುಲ್ಬರ್ಗಾ–ಕಲಬುರಗಿಗಳಲ್ಲಿ. ರೋಮನ್‌ನಲ್ಲಿ 12ಕ್ಕೂ ಹಳೆಯ ಹೊಸ ಎರಡು ರೂಪ ಸೇರಿಸಿ. ಬಿಜಾಪುರದ ಫಲಿತಾಂಶ ತೋರಿಸಿ ಮೇಲೆ ‘ವಿಜಯಪುರ ಜಿಲ್ಲೆಯ ಫಲಿತಾಂಶಗಳು’ ಎಂದು ಒಂದು ಸಾಲು ಹಾಕಿ. ಉಲ್ಟಾ ದಿಕ್ಕಿನಲ್ಲಿ ಎಚ್ಚರ ಬೇಕು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ಅದನ್ನು ಹುಡುಕುವವರನ್ನು ಗೋಲಗುಮ್ಮಟಕ್ಕೆ ಕಳಿಸಬೇಡಿ, ಜಿಲ್ಲೆ ಆರಿಸಲು ಎರಡು ಗುಂಡಿ ಕೊಡಿ.

ಏನೂ ಸಿಗದ ಪುಟದಲ್ಲಿ ‘ಕಂಡುಬಂದಿಲ್ಲ’ ಎಂದು ಬಾಗಿಲು ಹಾಕುವುದು ತಪ್ಪು. ಬರೆದ ಪದ ಹಾಗೇ ಕಾಣಲಿ. ಹತ್ತಿರದ ಪದವಿದ್ದರೆ ‘ಇದನ್ನು ಹುಡುಕಿದಿರಾ?’ ಎಂದು ಕೇಳಿ, ನೀವೇ ಸುಮ್ಮನೆ ಬದಲಿಸಬೇಡಿ. ಮೂರು ಪದ ಬರೆದಿದ್ದರೆ ಯಾವ ಪದ ಬಿಟ್ಟರೆ ಎಷ್ಟು ಸಿಗುತ್ತದೆ ಎಂದು ಹೇಳಿ.

ಪ್ರಶ್ನೆ: ಹಳೆಯ ಸಂಚಿಕೆಗಳು ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿವೆ. ಕಾಣುವುದು ಕನ್ನಡ, ಹುಡುಕಿದರೆ ಶೂನ್ಯ.

ಉತ್ತರ: ಕಡತದಲ್ಲಿರುವುದು ಕನ್ನಡವೇ ಅಲ್ಲ. ‘ಕನ್ನಡ’ ಎಂದು ಕಾಣುವಲ್ಲಿ ಒಳಗಿರುವುದು ರೋಮನ್‌ನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು ಹೀಗೆ ಏಳು ಸಂಕೇತ. ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಪರಿವರ್ತಕ ಒಳ್ಳೆಯದೋ ಎಂದು ನೋಡಲು ‘ಕರ್ನಾಟಕ’ ಸಾಕು. ಆಸ್ಕಿಯಲ್ಲಿ ಅರ್ಕಾವೊತ್ತು ‘ನಾ’ ಆದಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಜಾಗ ಬದಲಿಸದ ಪರಿವರ್ತಕ ಇಲ್ಲೇ ಸಿಕ್ಕಿಬೀಳುತ್ತದೆ. ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಮಾಡಿಬಿಡದಂತೆ, ಫಾಂಟಿನ ಹೆಸರು ನೋಡಿ ಪರಿವರ್ತಿಸಬೇಕು. ಪಿಡಿಎಫ್ ಮಾತ್ರ ಉಳಿದಿದ್ದು ಪಠ್ಯ ಕಲಸಿಹೋಗಿದ್ದರೆ ಪುಟಗಳನ್ನು ಚಿತ್ರವಾಗಿಸಿ, ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್‌ನ ಕನ್ನಡ ಮಾದರಿಯಿಂದ ಓದಿಸುವುದು ಸುಲಭ.

ಪ್ರಶ್ನೆ: ಹೊರದೇಶದ ನಮ್ಮ ಕನ್ನಡ ಕೂಟದ ಪುಸ್ತಕ ಪಟ್ಟಿಯಲ್ಲಿ ಮಕ್ಕಳು ರೋಮನ್ ಅಕ್ಷರದಲ್ಲೇ ಹುಡುಕುತ್ತಾರೆ. ಒಬ್ಬೊಬ್ಬರದು ಒಂದೊಂದು ಕಾಗುಣಿತ.

ಉತ್ತರ: ಪ್ರತಿ ಕನ್ನಡ ಶೀರ್ಷಿಕೆಗೂ ಒಂದು ರೋಮನ್ ಕೀಲಿ ಹುಟ್ಟಿಸಿ ಸೂಚಿಯಲ್ಲಿಡಿ. ಮಕ್ಕಳು ಬರೆದದ್ದನ್ನೂ ಅದೇ ಅಚ್ಚಿಗೆ ಹಾಕಿ: ಎಲ್ಲ ಚಿಕ್ಕಕ್ಷರ, ಜೋಡಿ ಅಕ್ಷರ ಒಂದೇ, ಎರಡು ಓ (oo) ಬಂದರೆ ಯು (u), ಎರಡು ಇ (ee) ಬಂದರೆ ಐ (i), ವ್ಯಂಜನದ ಮುಂದಿನ ಎಚ್ ಬಿಡುವುದು, ಡಬ್ಲ್ಯು ಬದಲು ವಿ. ಜೋಡಿ ಓ, ಜೋಡಿ ಇಗಳನ್ನು ಮೊದಲು ಬದಲಿಸಿ, ಆಮೇಲೆ ಜೋಡಿಯನ್ನು ಒಂದಾಗಿಸಿ. ಕ್ರಮ ತಿರುಗಿಸಿದರೆ ‘ಹೂ’ವೆಲ್ಲ ‘ಹೊ’ ಆಗುತ್ತದೆ. ಕೆಲವು ನೂರು ಪುಸ್ತಕಗಳ ಪಟ್ಟಿಗೆ ಇಷ್ಟು ಸಾಕು.

ಪ್ರಶ್ನೆ: ಪರದೆ ಓದುಗ ತಂತ್ರಾಂಶ (ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿಹೇಳುವುದು) ಬಳಸುವವರಿಗೆ ಸಲಹೆ ಪಟ್ಟಿ ಬಂದದ್ದೇ ತಿಳಿಯುವುದಿಲ್ಲ ಎಂಬ ದೂರಿದೆ.

ಉತ್ತರ: ಪೆಟ್ಟಿಗೆಗೆ ಕಾಂಬೋಬಾಕ್ಸ್ ಪಾತ್ರ ಕೊಟ್ಟು, ಪಟ್ಟಿ ತೆರೆದಿದೆಯೋ ಇಲ್ಲವೋ ಎಂದು ಪರದೆ ಓದುಗಕ್ಕೆ ತಿಳಿಸುವ ಆರಿಯಾ ಗುಣವನ್ನು ಪ್ರತಿ ಬಾರಿ ಬದಲಿಸಿ. ಬಾಣದ ಕೀಲಿಯಿಂದ ಇಳಿದಾಗ ಯಾವ ಸಾಲಿನಲ್ಲಿದ್ದಾರೆ ಎಂಬುದನ್ನೂ ಹೇಳಬೇಕು. ಫಲಿತಾಂಶ ಬಂದಾಗ ‘12 ಲೇಖನ ಸಿಕ್ಕಿವೆ’ ಎಂಬ ಸಾಲು, ಬದಲಾದೊಡನೆ ಓದಿಹೇಳಿಸುವ ಲೈವ್ ಪ್ರದೇಶದಲ್ಲಿರಲಿ. ಪುಟದ ಭಾಷೆ ಕನ್ನಡ ಎಂದು ಟ್ಯಾಗಿನಲ್ಲಿ ಗುರುತಿಸದಿದ್ದರೆ ಎನ್‌ವಿಡಿಎಯಂಥ ತಂತ್ರಾಂಶ ಕನ್ನಡ ದನಿಗೆ ಬದಲಾಗುವುದಿಲ್ಲ. ಇದು ಒಂದೇ ಪದದ ತಿದ್ದುಪಡಿ, ಮರೆತವರು ಮಾತ್ರ ಬಹಳ.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ ಸುಧಾರಿಸಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಏನೂ ಸಿಗದೆ ಹೋದ ಹುಡುಕಾಟಗಳನ್ನು ವಾರಕ್ಕೊಮ್ಮೆ ಹೊರತೆಗೆದು, ಹೆಚ್ಚು ಸಲ ಬಂದ 50 ಪದಗಳನ್ನು ಕಣ್ಣಾರೆ ಓದಿ. ಪ್ರತಿಯೊಂದರ ಮುಂದೆ ಕಾರಣ ಬರೆಯಿರಿ: ಕಾಣದ ಅಕ್ಷರ, ಪ್ರತ್ಯಯ, ಕಾಗುಣಿತ, ಸಮಾನಪದ, ಅಥವಾ ನಿಜವಾಗಿಯೂ ನಮ್ಮಲ್ಲಿಲ್ಲ. ಕೊನೆಯದು ಸಂಪಾದಕರಿಗೆ, ಉಳಿದವು ತಂತ್ರಜ್ಞರಿಗೆ. ಹುಡುಕಿದವರ ಹೆಸರು, ಫೋನ್ ಸಂಖ್ಯೆ ಈ ಪಟ್ಟಿಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ಪೆಟ್ಟಿಗೆಯಲ್ಲಿ ಜನ ಏನನ್ನು ಬೇಕಾದರೂ ಬರೆಯುತ್ತಾರೆ.

ಅದರ ಜೊತೆ ಐದು ಜನರನ್ನು ಒಬ್ಬೊಬ್ಬರಾಗಿ ಅವರದೇ ಮೊಬೈಲ್ ಕೊಟ್ಟು ಕೂರಿಸಿ. ‘ಅಡಿಕೆ ಎಂದು ಹುಡುಕಿ’ ಎನ್ನಬೇಡಿ, ಕಾಗುಣಿತ ಹೇಳಿಕೊಟ್ಟಂತಾಗುತ್ತದೆ. ಕೊಳೆರೋಗ ಬಂದ ಗೊನೆಯ ಚಿತ್ರ ತೋರಿಸಿ ‘ಇದಕ್ಕೆ ಮದ್ದೇನು ನೋಡಿ’ ಎನ್ನಿ. ಅವರು ಏನು ಟೈಪ್ ಮಾಡಿದರು, ಎಲ್ಲಿ ಅಳಿಸಿದರು, ಎಷ್ಟನೇ ಸಲಕ್ಕೆ ಸಿಕ್ಕಿತು ಎಂಬುದನ್ನು ಬರೆದುಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಒಬ್ಬರಾದರೂ ಮೈಕ್ ಗುಂಡಿ ಒತ್ತಿ ಮಾತಾಡುವವರು ಇರಲಿ. ಮಾತನ್ನು ಬರಹವಾಗಿಸಿದಾಗ ಬರುವ ಕಾಗುಣಿತ ಕೈಯಲ್ಲಿ ಬರೆದದ್ದಕ್ಕಿಂತ ಬೇರೆಯೇ ಇರುತ್ತದೆ, ಅದೂ ನಿಮ್ಮ ಸಮಾನಪದ ಪಟ್ಟಿಗೆ ಸೇರಬೇಕು.